ಹೆರಿಗಿ ವಾರ್ಡಿನ ಬಾಯಿ

ಎಂಟು ವರ್ಷ ನಾ ಲಿಂಗಸುಗೂರಿನ ಒಂದು ಹೆರಿಗಿ ದವಾಖಾನ್ಯಾಗ ನರ್ಸ್ ಆಗಿದ್ದೆ. ಮನಿ ಮಸ್ಕ್ಯಾಗ. ದಿನಾ ಬಸ್ಸಿಗೆ ಹೋಗೂದು, ಬಸ್ಸಿಗೆ ಬರೂದು. ಎಷ್ಟು ಕೂಸು ಕೈಯಾಗ ಹಿಡದೀನಿ ಅಂತ ಕೇಳಬ್ಯಾಡ್ರಿ, ಲೆಕ್ಕ ಇಟ್ಟಿಲ್ಲ. ಆದ್ರ ಬಸುರಿ ಹೆಣ್ಮಗಳು ಬಾಗಿಲು ದಾಟಿ ಒಳಗ ಬಂದ್ಲಂದ್ರ, ಅಕಿ ನಡಿಗಿ ನೋಡೇ ಇದು ಇವತ್ತಿಂದೋ ನಾಳಿಂದೋ ಅಂತ ಹೇಳ್ತಿದ್ದೆ. ಅಷ್ಟು ಗೊತ್ತಿತ್ತು.

ಹಂಗಿದ್ರ ಯಾಕ ಬಿಟ್ಟಿ ಅಂತ ಎಲ್ಲಾರೂ ಕೇಳ್ತಾರ. ನಮ್ಮ ಸೋದರಮಾವನ ಸಲುವಾಗಿ ಅನ್ನಬೇಕು. ಒಂದು ಮಳಿಗಾಲದಾಗ ಅಂವಗ ಜ್ವರ ಬಂದು ಕಿಡ್ನಿ ಕೈ ಕೊಟ್ಟಿದ್ವು. ಸಿಂಧನೂರಿಗೆ ಡಯಾಲಿಸಿಸ್‌ಗೆ ಕರ್ಕೊಂಡು ಹೋಗ್ತಿದ್ದೆ. ನಮ್ಮ ಕಡಿ ಮಂದಿ ಅದಕ್ಕ ರಕ್ತ ತೊಳಿಯೂದು ಅಂತಾರ. ಮಾವ ಮಂಚದ ಮ್ಯಾಲ ಗೊರಕಿ ಹೊಡೀತಿದ್ದ, ನಾ ಬಾಜೂಕ ಕುಂತು ಮಷೀನ್ ನೋಡ್ತಿದ್ದೆ. ಒಂದು ಪೈಪಿನಾಗ ರಕ್ತ ಹೊರಗ ಬರತೈತಿ, ತಿರಗತೈತಿ, ತೊಳದು ಇನ್ನೊಂದು ಪೈಪಿನಾಗ ವಾಪಸ್ ಒಳಗ ಹೋಗತೈತಿ. ನಾ ಬಾಯಿ ತಕ್ಕೊಂಡು ನೋಡಿದ್ದ ನೋಡಿದ್ದು. ಮಾವ ಎರಡು ವಾರದಾಗ ಆರಾಮಾಗಿ ಮನಿಗೆ ಬಂದ. ನಾ ಮಾತ್ರ ಆ ಮಷೀನಿನ ಹತ್ರನ ಉಳದೆ.

ಇನ್ನೊಂದೈತಿ. ಆ ರೂಮಿನಾಗ ಪೇಶೆಂಟ್‌ಗಳಿಗೆ ಒಬ್ಬರಿಗೊಬ್ರು ಗೊತ್ತಿತ್ತು. "ಯಾಕಪಾ, ಹೋದ ಸಲ ಮಾರಿ ಸಣ್ಣ ಆಗಿತ್ತಲ್ಲ?" ಅಂತ ಕೇಳ್ತಿದ್ರು. ವಾರದಾಗ ಎರಡು ಸಲ, ಮೂರು ಸಲ, ವರ್ಷಗಟ್ಟಲೆ ಬರೋ ಮಂದಿ. ನಮ್ಮ ಹೆರಿಗಿ ವಾರ್ಡಿನಾಗ ಹಂಗಿಲ್ಲ. ಬಂದ್ರು, ಹಡದ್ರು, ಪೇಡಾ ಕೊಟ್ರು, ಹೋದ್ರು. ಆ ಕೂಸು ಮುಂದ ನಡಿಯಾಕ ಕಲೀತೋ, ಸಾಲಿಗೆ ಹೋತೋ, ನನಗ ಒಂದೂ ಗೊತ್ತಾಗ್ತಿದ್ದಿಲ್ಲ. ನನಗ ವಾಪಸ್ ಬರೋ ಮಂದಿ ಬೇಕಾಗಿತ್ತು.

ಸರಿ, ಅವತ್ತಿಂದ ಬಸ್ಸಿನಾಗ ಮೊಬೈಲ್ ಹಿಡದು ಕಲಿಯಾಕ ಚಾಲೂ ಮಾಡಿದೆ. ಹಿಂದಿ ವಿಡಿಯೋ, ತೆಲುಗು ವಿಡಿಯೋ, ಅರ್ಧ ತಿಳಿಯೋ ಇಂಗ್ಲಿಷ್ ವಿಡಿಯೋ, ಸಿಕ್ಕಿದ್ದೆಲ್ಲಾ ನೋಡಿದೆ. ಬಾಜೂಕ ಕುಂತ ಒಬ್ಬ ಮುದುಕಿ ಇಣಕಿ ನೋಡಿ, "ಏನವಾ, ಬೋರಿನ ಮೋಟರ್ ರಿಪೇರಿ ಕಲಿಯಾಕತ್ತೀಯೇನು?" ಅಂದ್ಲು. "ಹೂಂ ಯವ್ವಾ, ಹಂತಾದ್ದ" ಅಂದೆ. ಸುಳ್ಳೇನಲ್ಲ ಬಿಡ್ರಿ.

ಆದ್ರ ಕೆಲಸ ಕೇಳಾಕ ಹೋದ ಮ್ಯಾಲ ಗೊತ್ತಾತು. ಒಂದು ಕಡಿ ಕೇಳಿದ್ರು, "ಅನುಭವ ಎಷ್ಟೈತಿ?"

"ಎಂಟು ವರ್ಷ ರೀ."

"ಡಯಾಲಿಸಿಸ್‌ದಾಗ?"

"ಇಲ್ರಿ, ಹೆರಿಗಿಯಾಗ."

"ಹಂಗಾರ ಅನುಭವ ಇಲ್ಲ ಅಂತ ಹೇಳ್ರಲಾ."

ಇನ್ನೊಂದು ಕಡಿ, ಈಗಷ್ಟ ಕಾಲೇಜು ಮುಗಿಸಿದ ಹುಡುಗ್ಯಾರು ಸಿಗಾಕತ್ತಾರ, ನಿಮಗ್ಯಾಕ ಕಲಿಸೂಣು ಅಂದ್ರು. ನಮ್ಮ ದವಾಖಾನಿ ಡಾಕ್ಟರಮ್ಮಗ ಸುದ್ದಿ ಮುಟ್ಟಿತು. ಕರದು ಕುಂದ್ರಿಸಿ, "ಹುಚ್ಚಿ ಅದೀಯೇನು? ಇಲ್ಲಿ ನೀ ರಾಣಿ. ಅಲ್ಲಿ ಹೋಗಿ ಪೈಪ್ ತೊಳೀತಿ" ಅಂದ್ರು.

"ತೊಳೀತೀನ್ರಿ ಮೇಡಂ."

"ಆತು ಹೋಗು. ನಾಕು ದಿನಕ್ಕ ಸಾಕಾಗಿ ಬರ್ತಿ, ನಿನ್ನ ಜಾಗಾ ಖಾಲಿ ಇಟ್ಟಿರ್ತೀನಿ."

ಅದು ಆಶೀರ್ವಾದೋ ಶಾಪೋ ನನಗ ತಿಳೀಲಿಲ್ಲ.

ನಮ್ಮವ್ವ ಮನ್ಯಾಗ ಬ್ಯಾರೆ ಹಾಡು ಹಾಡಿದ್ಲು. "ಕೂಸು ಎತ್ತೋ ಕೆಲಸ ಬಿಟ್ಟು ರಕ್ತ ತೊಳಿಯೋ ಕೆಲಸೇನಬೇ? ಮಂದಿ ಕೇಳಿದ್ರ ಏನಂತ ಹೇಳ್ಲಿ?" ಅಂದ್ಲು. "ಬಟ್ಟಿ ತೊಳೀತಾಳ ಅಂತ ಹೇಳು" ಅಂದೆ. ಎರಡು ದಿನ ಮಾತು ಬಿಟ್ಲು.

ಕಡೀಕ ಸಿಂಧನೂರಿನ ಒಂದು ಸಣ್ಣ ದವಾಖಾನಿಯವ್ರು ಹೂಂ ಅಂದ್ರು. ಹೊಸಬರ ಪಗಾರ. ಮೂರು ತಿಂಗಳು ನೋಡ್ತಾರ. ಅಷ್ಟರಾಗ ಪೇಶೆಂಟ್ ಕೈಗೆ ನಾನ ಸ್ವಂತ ಸೂಜಿ ಹಾಕಿ ಮಷೀನಿಗೆ ಹಚ್ಚೂದು ಕಲ್ತೆ ಅಂದ್ರ ನೌಕರಿ, ಇಲ್ಲಂದ್ರ ನಮಸ್ಕಾರ. ಆ ಸೂಜಿ ನಾವು ಸಲೈನ್‌ಗೆ ಹಾಕ್ತೀವಲ್ಲ, ಅಂಥಾದ್ದಲ್ಲ. ದಪ್ಪ, ಗೋಣಿಚೀಲ ಹೊಲಿಯೋ ದಬ್ಬಣ ನೆಪ್ಪಾಗತೈತಿ. ಅದನ್ನ ಹಾಕಾಕಂತ ಪೇಶೆಂಟ್ ಕೈಯಾಗ ಆಪರೇಷನ್ ಮಾಡಿ ಒಂದು ರಕ್ತನಾಳ ಉಬ್ಬಿಸಿರ್ತಾರ. ಅದು ಅವ್ರ ಜೀವ. ಅದು ಕೆಟ್ರ ಎಲ್ಲಾ ಕೆಟ್ಟಂಗ.

ನನಗ ಕಲಿಸೂಕಿ ಟೆಕ್ನಿಶಿಯನ್ ಹುಡುಗಿ. ನನಗಿಂತ ಆರೇಳು ವರ್ಷ ಸಣ್ಣಾಕಿ. ಅಕ್ಕಾರ ಅಂತ ಕರೀತಿದ್ಲು, ಅಕ್ಕಾರ ಅಂತಂತನ ಜಬರಸ್ತಿದ್ಲು. "ಅಕ್ಕಾರ, ಅಲ್ಲಿ ನಿಂದ್ರಬ್ಯಾಡ್ರಿ. ಅಕ್ಕಾರ, ಕಾಲಕಡಿ ಯಾಕ ನಿಂತೀರಿ, ಕೈ ಕಡಿ ಬರ್ರಿ." ಏನ್ಮಾಡ್ಲಿ, ಎಂಟು ವರ್ಷ ಮಂಚದ ಕಾಲಕಡಿ ನಿಂತು ನಿಂತು ಕಾಲು ತಾವ ಅಲ್ಲಿಗೆ ಹೋಗ್ತಿದ್ವು. ಪೇಶೆಂಟ್‌ಗಳು ನಗ್ತಿದ್ರು. ಅದರಾಗ ಮುಕ್ಕುಂದದ ಒಬ್ಬ ಅಜ್ಜ ಇದ್ದ. ಭತ್ತದ ಗದ್ದಿ ಮಾಡಿಸೋ ಅಜ್ಜ, ಮೀಸಿ ಇನ್ನೂ ತಿದ್ದತಿದ್ದ. ಮೊದಲನೇ ದಿನಾನ ಕೇಳಿದ, "ತಂಗಿ, ನೀ ಮೊದಲ ಎಲ್ಲಿದ್ದಿ?"

"ಹೆರಿಗಿ ವಾರ್ಡಿನಾಗ ಅಜ್ಜಾ."

"ಆಹಾ. ನನಗೇನು ಹುಟ್ಟತೈತಿ ನೋಡಿ ಹೇಳಿಬಿಡು, ಹೆಣ್ಣೋ ಗಂಡೋ."

ಅವತ್ತಿಂದ ನನ್ನ ಹೆಸರು ಹೆರಿಗಿ ಸಿಸ್ಟರ್.

ಒಂದು ತಿಂಗಳು ಚಲೋ ಹೋತು. ಮಷೀನ್ ಹಚ್ಚೂದು, ಆರಿಸೂದು, ಪೇಶೆಂಟ್ ತೂಕ ನೋಡೂದು ಎಲ್ಲಾ ಬಂತು. ವಿಡಿಯೋ ನೋಡಿದ್ದು ಫುಕಟ್ ಹೋಗಿರಲಿಲ್ಲ. ಟೆಕ್ನಿಶಿಯನ್ ಹುಡುಗಿನೂ, "ಮುಂದಿನ ವಾರ ಸೂಜಿ ನೀವ ಹಾಕ್ರಿ ಅಕ್ಕಾರ" ಅಂದಿದ್ಲು. ನಾ ಆಕಾಶದಾಗಿದ್ದೆ.

ಯುಗಾದಿ ಹತ್ರ ಬಂದಿತ್ತು. ನಮ್ಮ ಕಡಿ ಬಿಸಿಲು ನಿಮಗ ಹೇಳೂದೇನೈತಿ. ಅಜ್ಜ ಡಯಾಲಿಸಿಸ್ ಮುಗಿಸಿ, ತೆಲಿಗೆ ಟವಲ್ ಸುತ್ತಕೊಂಡು ಹೊಂಟಿದ್ದ. ನಾ ಬಾಗಿಲು ತಕ ಬಂದು, ಎಂಟು ವರ್ಷ ಪ್ರತಿ ಬಾಣಂತಿಗೆ ಹೇಳಿದ ಮಾತು ಬಾಯಾಗ ಬಂದದ್ದು ಬಂದಂಗ ಹೇಳಿಬಿಟ್ಟೆ. "ಬಿಸಿಲು ಭಾಳೈತಿ, ಚಂದಂಗ ನೀರು ಕುಡೀರಿ."

ಡಯಾಲಿಸಿಸ್ ಪೇಶೆಂಟ್‌ಗೆ ನೀರು ಅಂದ್ರ ಔಷಧ ಇದ್ದಂಗ, ಅಳದು ಕುಡೀಬೇಕು. ಒಳಗ ಹೋದದ್ದು ಹೊರಗ ಹೋಗಂಗಿಲ್ಲ, ಮೈಯಾಗ ನಿಂದರತೈತಿ. ಇದು ನನಗ ಗೊತ್ತಿತ್ತು. ವಿಡಿಯೋದಾಗ ನೋಡೀನಿ, ಬರಕೊಂಡೀನಿ, ಬಾಯಿಪಾಠ ಐತಿ. ಹೇಳಿದ್ದು ತೆಲಿ ಅಲ್ಲ, ಬಾಯಿ. ಹೇಳಿದೆ ಅನ್ನೂದ ನನ್ನ ಲಕ್ಷಕ್ಕ ಬರಲಿಲ್ಲ.

ಮುಂದಿನ ಸಲ ಅಜ್ಜ ಬಂದಾಗ ಕಣ್ಣು ಬಾತಿದ್ವು, ಕಾಲು ಬಾತಿದ್ವು, ಮಾತಾಡಿದ್ರ ಉಸರು ಹತ್ತತಿತ್ತು. ತೂಕದ ಮಷೀನಿನ ಮ್ಯಾಲ ನಿಂದ್ರಿಸಿದ್ರ ಟೆಕ್ನಿಶಿಯನ್ ಹುಡುಗಿ ಎರಡು ಸಲ ನೋಡಿದ್ಲು. ಹಿಂದ ಅಜ್ಜನ ಸೊಸಿ ಬಂದ್ಲು, ಸೆರಗು ಸೊಂಟಕ್ಕ ಸಿಗಿಸಿಕೊಂಡು.

"ಯಾರ್ರೀ ಅಕಿ, ನಮ್ಮ ಮಾವಗ ನೀರು ಕುಡಿ ಅಂತ ಹೇಳಿದಾಕಿ?"

ಸಾಲ್ಯಾಗ ಎತ್ತಿದಂಗ ಕೈ ಎತ್ತಿದೆ.

"ನೀವೇನ್ರಿ? ಮನ್ಯಾಗ ನಾ ನೀರಿನ ಕೊಡಕ್ಕ ಕೀಲಿ ಹಾಕೂದೊಂದು ಬಾಕಿ ಉಳದೈತಿ. ಇವ್ರು ಬಂದಾರ, ಸಿಸ್ಟರ್ ಹೇಳ್ಯಾಳ, ಚಂದಂಗ ಕುಡಿ ಅಂದಾಳ ಅಂತ ಚರಿಗಿ ಎತ್ತಿ ಗಟಗಟ ಕುಡದಾರ. ಮಜ್ಜಿಗಿ ಬ್ಯಾರೆ! ಕಲ್ಲಂಗಡಿ ಬ್ಯಾರೆ!"

ಅಜ್ಜ ಮಂಚದ ಮ್ಯಾಲಿಂದ, ಉಸರು ಎಳಕೋತ, "ಕಲ್ಲಂಗಡಿ ನೀರಲ್ಲವಾ, ಹಣ್ಣು" ಅಂದ.

"ನೀವು ಸುಮ್ಕ ಬೀಳ್ರಿ ಮಾವ."

ಬಾಜೂಕಿನ ಮಂಚದಾಗ ಬಂಗಾಲಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಒಬ್ಬಾಕಿ ಮೌಸಿ ಇದ್ಲು. ಅಕಿ ತನ್ನ ಕನ್ನಡದಾಗ, "ಸಿಸ್ಟರ್, ನನಗ ಯಾಕ ಹೇಳಿಲ್ಲ? ನಾನೂ ಕುಡೀತಿದ್ದೆ" ಅಂತ ಚಾಷ್ಟಿ ಮಾಡಿದ್ಲು. ಎಲ್ಲಾರೂ ನಕ್ಕರು. ನನಗ ನಗಿ ಬರಲಿಲ್ಲ, ಅಜ್ಜನ ಉಸರು ನೋಡಾಕತ್ತಿದ್ದೆ. ಅವತ್ತು ಅಂವಗ ಜಾಸ್ತಿ ಹೊತ್ತು ಮಷೀನ್ ಹಚ್ಚಿದ್ರು. ಸಂಜಿಮುಂದ ಉಸರು ಹಗೂರಾತು, ಮೀಸಿ ತಿದ್ದಿದ. ಆಗ ನಾ ಕುಂತೆ.

ಟೆಕ್ನಿಶಿಯನ್ ಹುಡುಗಿ ಬೈಲಿಲ್ಲ. ಬೈದಿದ್ರ ಬೇಷ್ ಇತ್ತು. "ಅಕ್ಕಾರ, ಹೊಸ ಹುಡುಗ್ಯಾರಿಗೆ ಕಲಿಸೂದು ಸಸಾರ. ಅವ್ರಿಗೆ ಮರಿಯಾಕ ಏನೂ ಇರಂಗಿಲ್ಲ. ನೀವು ಸೂಜಿ ಈಗ ಬ್ಯಾಡ್ರಿ, ನೋಡಕೋತ ಇರ್ರಿ ಅಷ್ಟ" ಅಂದ್ಲು.

ಮೂರು ತಿಂಗಳದಾಗ ಒಂದುವರಿ ಹೋಗಿತ್ತು. ಮಸ್ಕಿ ಬಸ್ಸಿನಾಗ ಕಿಟಕಿ ಹತ್ರ ಕುಂತೆ. ಕಾಲುವಿ ತುಂಬಿ ಹರಿಯಾಕತ್ತಿತ್ತು, ಗದ್ದ್ಯಾಗೆಲ್ಲಾ ನೀರು. ಅಜ್ಜನ ಗದ್ದ್ಯಾಗೂ ಹಿಂಗ ನಿಂತಿರತೈತಿ, ಅದನ್ನ ನೋಡಕೋತ ಅಂವ ಎರಡು ಗ್ಲಾಸ್ ನೀರಿನಾಗ ಇಡೀ ದಿನ ತಗೀಬೇಕು. ಹೆಂಗ ತಗೀತಾನ? ಹಂಗ ವಿಚಾರ ಮಾಡಕೋತ ಕುಂತಾಗ ನಮ್ಮ ಆಪರೇಷನ್ ಹೆರಿಗಿಯವ್ರು ನೆಪ್ಪಾದ್ರು. ಆಪರೇಷನ್ನಿಗೆ ಮುಂಚೆ ಅವ್ರಿಗೂ ನೀರು ಕೊಡಂಗಿಲ್ಲ. ಬಾಯಿ ಒಣಗೇತಿ ಯವ್ವಾ ಅಂತ ಅಳ್ತಾರ. ಗಾಯಕ್ಕ ಕಟ್ಟೋ ಗಾಜ್ ಬಟ್ಟಿ ಒದ್ದಿ ಮಾಡಿ ತುಟಿ, ನಾಲಗಿ ಒರಸ್ತಿದ್ದೆ. ಹೊಟ್ಟಿಗೆ ಹನಿ ಹೋಗಂಗಿಲ್ಲ, ಬಾಯಿಗೆ ಸಮಾಧಾನ. ಎಷ್ಟು ಮಂದಿಗೆ ಒರಸೀನೋ ಏನೋ.

ಮರುದಿನ ಟೆಕ್ನಿಶಿಯನ್ ಹುಡುಗಿನ್ನ ಕೇಳಿದೆ. ಈ ಸಲ ಮೊದಲು ಕೇಳಿದೆ. "ಒರಸಬೌದೇನವಾ?"

ಅಕಿ, "ಒರಸ್ರಿ. ಅವ್ರ ಲೆಕ್ಕದ ನೀರಿನಾಗ ಒಂದೀಟು ಐಸ್ ಮಾಡಿಟ್ಟು ಚೀಪಿದ್ರೂ ನಡೀತೈತಿ" ಅಂದ್ಲು.

ಅಜ್ಜನ ತುಟಿ ಒರಸಿದೆ. ಕಣ್ಣು ಮುಚ್ಚಿ, "ಇನ್ನೊಂದೀಟು" ಅಂದ. ಮೌಸಿ, "ನನಗೂ" ಅಂದ್ಲು. ಹಂಗ ಮಂಚ ಮಂಚಕ್ಕ ಹೋದೆ. ಸೊಸಿಗೆ ಐಸಿನ ಮಾತು ಹೇಳಿದೆ. ಅಕಿ ಮಾರಿ ಇನ್ನೂ ಗಂಟಿತ್ತು. "ಇದನ್ನರ ಖರೇ ಹೇಳಾಕತ್ತೀರೇನ್ರಿ, ಇಲ್ಲಾ ಇದೂ ಬಾಣಂತಿಯರದ್ದೋ?" ಅಂತ ಕೇಳಿದ್ಲು. ಟೆಕ್ನಿಶಿಯನ್ ಹುಡುಗಿ ಅಲ್ಲಿಂದ, "ಖರೇ ಐತಿ, ನಾ ಹೇಳೀನಿ" ಅಂದ್ಲು. ಆಮ್ಯಾಲ ನಂಬಿದ್ಲು.

ಮೂರ್ನಾಕು ಸಲ ಬಂದು ಹೋದ ಮ್ಯಾಲ ಅಜ್ಜನ ತೂಕ ಹಿಡಿತಕ್ಕ ಬಂತು. ಸೊಸಿ ಬಂದು ನನಗ ಹೇಳಿದ್ಲು, "ನಮ್ಮ ಮಾವ ಕಟ್ಟಿ ಮ್ಯಾಲ ಕುಂತು ಕೂಸಿನಂಗ ಐಸ್ ಚೀಪತಾರ್ರಿ. ಮೊಮ್ಮಗನ ಜೋಡಿ ಜಗಳ ಬ್ಯಾರೆ, ಐಸಿಗೆ." ಹೇಳಿ, ಬುಟ್ಟ್ಯಾಗಿಂದ ಎರಡು ಜ್ವಾಳದ ರೊಟ್ಟಿ, ಶೇಂಗಾ ಹಿಂಡಿ ತಗದು ಕೈಯಾಗಿಟ್ಲು. ಪೇಡಾಕ್ಕಿಂತ ರುಚಿ ಇತ್ತು.

ಅವತ್ತ ಟೆಕ್ನಿಶಿಯನ್ ಹುಡುಗಿ ಸೂಜಿ ತಗೊಂಡು ಅಜ್ಜನ ಹತ್ರ ಹೋದ್ಲು. ಅಜ್ಜ ಕೈ ಹಿಂದಕ್ಕ ಎಳಕೊಂಡ.

"ಇವತ್ತು ಹೆರಿಗಿ ಸಿಸ್ಟರ್ ಹಾಕ್ಲಿ."

"ಅಜ್ಜಾ, ಅಕ್ಕಾರು ಇನ್ನಾ ಕಲಿಯಾಕತ್ತಾರ."

"ನನ್ನ ಕೈ ಮ್ಯಾಲನ ಕಲೀಲಿ. ನೀನೂ ಹಂಗ ಕಲ್ತಿ, ನಾ ಮರ್ತಿಲ್ಲ. ಮೊಣಕೈ ತಕ ನೀಲಿ ಮಾಡಿದ್ದಿ."

ಹುಡುಗಿ ಮಾರಿ ಕೆಂಪಾತು. ಸೂಜಿ ನನ್ನ ಕೈಗೆ ಕೊಟ್ಟು ಬಾಜೂಕ ನಿಂತ್ಲು. ನಾ ಮೊದಲು ಬೆರಳಿಟ್ಟು ನೋಡಿದೆ. ಉಬ್ಬಿದ ರಕ್ತನಾಳ ಬೆರಳ ಕೆಳಗ ಜುಂಯ್ ಅಂತಿತ್ತು. ಬೆಕ್ಕು ತೊಡಿ ಮ್ಯಾಲ ಮಲಗಿದಾಗ ಗುರ್ ಅಂತೈತಲ್ಲ, ಹಂಗ. ಬಸುರಿ ಹೊಟ್ಟಿ ಮ್ಯಾಲ ಕೂಸಿನ ಎದಿ ಬಡಿತ ಹುಡಕೂ ಮುಂದನೂ ನಾ ಹಿಂಗ ಉಸರು ಬಿಗಿ ಹಿಡೀತಿದ್ದೆ. ಆದ್ರ ಕೈಗೆ ಹಳೇ ಅವಸರ ಇತ್ತು, ಸೂಜಿ ಇಳಿಸಾಕ ಹೋತು.

"ನಿಧಾನ ಅಕ್ಕಾರ," ಹುಡುಗಿ ಮೆಲ್ಲಕ ಅಂದ್ಲು. "ಇಲ್ಲಿ ಕೂಸೇನು ಹೊರಗ ಬರಾಕತ್ತಿಲ್ಲ."

ನಕ್ಕೆ. ನಕ್ಕದ್ದಕ್ಕ ಕೈ ಸಡಲಾತು. ಸೂಜಿ ಹೋತು. ಪೈಪಿನಾಗ ಕೆಂಪು ಬಂತು. ರಕ್ತ ವಾಪಸ್ ಹೋಗಾಕ ಇನ್ನೊಂದು ಸೂಜಿ ಬೇಕು, ಅದೂ ಹೋತು. ಅಜ್ಜ ಕಣ್ಣು ಮುಚ್ಚಕೊಂಡ ಕೇಳಿದ, "ಆತೇನು?"

"ಆತು ಅಜ್ಜಾ."

"ಗೊತ್ತಾಗಲಿಲ್ಲಲಾ," ಅಂದ. ಸುಳ್ಳು. ಗೊತ್ತಾಗಿತ್ತು, ಕಾಲಬೆರಳು ಮಡಚಿದ್ದು ನಾ ನೋಡೀನಿ. ಕಾಲಕಡಿ ನೋಡೋ ಚಾಳಿ ಹೋಗಿಲ್ಲಲ್ಲ ನನಗ.

ಮೂರು ತಿಂಗಳ ಆದ ಮ್ಯಾಲ ಡ್ಯೂಟಿ ಪಟ್ಟಿ ಹಚ್ಚಿದಾಗ ಅದರಾಗ ನನ್ನ ಹೆಸರೂ ಇತ್ತು, ಸೂಜಿ ಹಾಕೋರ ಸಾಲಿನಾಗ. ಲಿಂಗಸುಗೂರಿಗೆ ಫೋನ್ ಮಾಡಿ, "ಮೇಡಂ, ನನ್ನ ಜಾಗಾ ಯಾರಿಗರ ಕೊಡ್ರಿ" ಅಂದೆ. ಪೈಪ್ ಇನ್ನೂ ತೊಳೀತೀನಿ, ಅದನ್ನೂ ಹೇಳಿದೆ. ನಕ್ಕು ಫೋನ್ ಇಟ್ರು.

ಆವತ್ತು ಅಜ್ಜ ಮುಗಿಸಿಕೊಂಡು ಎದ್ದ, ಟವಲ್ ಸುತ್ತಿದ. ಹೊರಗ ಬಿಸಿಲು ರಣರಣ ಅನ್ನತಿತ್ತು. ನಾ ಬಾಗಿಲ ತಕ ಹೋದೆ, ಬಾಯಿ ತಗದೆ, ಗಪ್ಪನ ಮುಚ್ಚಿದೆ. ಅಜ್ಜ ನೋಡಿದ, ನಕ್ಕ.

"ಹೆರಿಗಿ ಆತು, ನಾ ಹೊಂಟೆ ತಂಗಿ. ಗುರುವಾರ ಬರ್ತೀನಿ."