ಮೈಚಳಿ ಬಿಡಿಸಿದ ಮೇಷ್ಟ್ರು

ನಮ್ಮ ಇಂಗ್ಲಿಷ್ ಮೇಷ್ಟ್ರ ಬಲಗಿವಿಯ ಮೇಲೆ ಸದಾ ಒಂದು ಸೀಮೆಸುಣ್ಣದ ತುಂಡು ಕೂತಿರುತ್ತಿತ್ತು, ಬಡಗಿಯ ಕಿವಿಯ ಮೇಲಿನ ಪೆನ್ಸಿಲ್ ಹಾಗೆ. ಅದನ್ನು ತೆಗೆದು ಇಟ್ಟು ಮಾಡಿ, ಪಾಪ, ಮೂವತ್ತಕ್ಕೇ ಅರ್ಧ ತಲೆ ಬೆಳ್ಳಗಾಗಿ ಕಾಣುತ್ತಿತ್ತು.

ಐವತ್ತರ ದಶಕದ ಕೊನೆ. ಅರಸೀಕೆರೆಯ ಒಂದು ಶಾಲೆಯಲ್ಲಿ ನಾವು ಮೆಕ್ಯಾನಿಕ್ ಕೆಲಸ ಕಲಿಯುತ್ತಿದ್ದೆವು. ಗ್ರೀಸು ಮೆತ್ತಿದ ಕೈಗೆ ಇಂಗ್ಲಿಷ್ ಯಾಕೆ ಎಂಬುದು ನಮ್ಮ ವಾದ. ಆದರೆ ಅದರಲ್ಲಿ ಪಾಸಾಗದಿದ್ದರೆ ಸರ್ಟಿಫಿಕೇಟ್ ಇಲ್ಲ. ನಾನು ಆಗಲೇ ಒಮ್ಮೆ ನಪಾಸಾಗಿದ್ದೆ. "ಇನ್ನೊಂದ್ ಕಿತ ಹಂಗಾದ್ರೆ ಬಂದ್ಬುಡ್ಲಾ, ಹೊಲ ಐತೆ" ಎಂದು ನಮ್ಮೂರು ಜಾವಗಲ್ಲಿನಿಂದ ಅಪ್ಪ ಬಂದು ಹೇಳಿಹೋಗಿದ್ದ.

ಮೇಷ್ಟ್ರು ಬೈಯುವವರಲ್ಲ. "ಸ್ಪ್ಯಾನರ್, ಬೋಲ್ಟು, ಪಂಪು... ಅರ್ಧ ಇಂಗ್ಲಿಷ್ ನಿನ್ನ ಜೇಬಲ್ಲೇ ಇದೆಯಲ್ಲೋ. ಮೈಚಳಿ ಬಿಡಬೇಕು, ಅಷ್ಟೇ" ಎನ್ನುತ್ತಿದ್ದರು. ಜೇಬಲ್ಲಿ ಸ್ಪ್ಯಾನರ್ ಇದ್ದದ್ದೂ ನಿಜವೇ. ಮದುವೆ ಮನೆಗೆ ಹೋದರೂ ನಾವು ಅದನ್ನು ಹಿಂಜೇಬಿಗೆ ಸಿಕ್ಕಿಸಿಕೊಂಡೇ ಹೋಗುತ್ತಿದ್ದೆವು. ಅದು ನಮ್ಮ ಜಂಬ.

ಒಂದು ಭಾನುವಾರ ಮೇಷ್ಟ್ರು ನಮ್ಮನ್ನು ಹಳೇಬೀಡಿಗೆ ಕರೆದೊಯ್ದರು. ಅಲ್ಲೇ ಪಕ್ಕದ ಬಸ್ತಿಹಳ್ಳಿಯ ಬಸದಿಗಳ ಹತ್ತಿರ ಒಂದು ಕಾರು ಬುಸುಗುಡುತ್ತ ನಿಂತಿತ್ತು. ವಿದೇಶದಿಂದ ಬಂದ ಗಂಡಹೆಂಡತಿ. ಗಂಡ ಕಾದ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕುತ್ತಿದ್ದ. ತೆರೆದರೆ ಕುದಿನೀರು ಮುಖಕ್ಕೇ ಹಾರುತ್ತದೆ. ಗಾಬರಿಯಿಂದ ತಿರುಗಿದೆ, ಮೇಷ್ಟ್ರು ನಾಪತ್ತೆ.

"ಸ್ಟಾಪ್! ಹಾಟ್ ವಾಟರ್ ಜಂಪ್. ಯೂ ಟೀ ಡ್ರಿಂಕ್. ಐ ಓಪನ್" ಎಂದು ಅರಚಿದೆ.

ಆತ ತಟ್ಟನೆ ಕೈ ಹಿಂತೆಗೆದ. ಇಬ್ಬರೂ ನಗುತ್ತ ಹೋಗಿ ಟೀ ಅಂಗಡಿಯ ಬೆಂಚಿನ ಮೇಲೆ ಕೂತೇಬಿಟ್ಟರು. ಎಲ್ಲಿಯವರೋ ಏನೋ, ನನ್ನ ಮಾತು ಕೇಳಿದ್ದರು! ಕಾರು ತಣ್ಣಗಾದ ಮೇಲೆ ಪೈಪು ಬಿಗಿದು, ನೀರು ತುಂಬಿ ಕಳಿಸಿದೆವು. ಆಮೇಲೆ ಮೇಷ್ಟ್ರು ಬಸದಿಯ ಕಡೆಯಿಂದ ನಗುತ್ತ ಬಂದರು. ವಾಪಸು ಬರುವಾಗ ಬಸ್ಸಿನ ಕಿಟಕಿಯಲ್ಲಿ ಕಂಡದ್ದಕ್ಕೆಲ್ಲ ಇಂಗ್ಲಿಷ್ ಹೆಸರು ಕೇಳಿ ಮೇಷ್ಟ್ರ ತಲೆ ತಿಂದೆ. ಆ ವರ್ಷ ಪಾಸಾದೆ, ರೈಲ್ವೆಯಲ್ಲಿ ಕೆಲಸವೂ ಸಿಕ್ಕಿತು.

ಅವತ್ತು ನನ್ನನ್ನು ಬೇಕೆಂದೇ ಮುಂದೆ ಬಿಟ್ಟು ಅವರು ಮರೆಗೆ ಸರಿದರೆಂದು ಬಹುಕಾಲ ನಂಬಿದ್ದೆ. ಮೇಷ್ಟ್ರು ಮುದುಕರಾಗಿ ಹಾಸಿಗೆ ಹಿಡಿದಾಗ ಹೋಗಿ ಅದನ್ನೇ ಹೇಳಿ ಕೈಮುಗಿದೆ. ಅವರು ನಕ್ಕರು.

"ಬೇಕೂಂತ ಅಲ್ಲ ಕಣೋ. ಪುಸ್ತಕದ ಇಂಗ್ಲಿಷ್ ಬಿಟ್ರೆ ನಂಗೇನು ಗೊತ್ತಿತ್ತು? ಅವ್ರನ್ನ ಕಂಡು ಹೆದರಿ ಬಸದಿ ಹಿಂದೆ ಅಡಗಿ ನಿಂತಿದ್ದೆ. ನನ್ನ ಮೈಚಳಿ ಬಿಟ್ಟಿದ್ದೇ ನಿನ್ನ ಮಾತು ಕೇಳಿ."

ಕೆಲವೇ ದಿನಗಳಲ್ಲಿ ತೀರಿಕೊಂಡರು. ಈಗಲೂ ಹೊಸಬರೊಡನೆ ಇಂಗ್ಲಿಷ್ ಮಾತಾಡುವಾಗ, ಹಿಂದೆಲ್ಲೋ ಮೇಷ್ಟ್ರು ನಿಂತಿದ್ದಾರೆ ಅನ್ನಿಸುತ್ತದೆ. ಅವರಿಗೂ ಕೇಳಿಸಲಿ ಎಂದು ಸ್ವಲ್ಪ ಗಟ್ಟಿಯಾಗಿಯೇ ಮಾತಾಡುತ್ತೇನೆ.