ಹಾವಗೆಪ್ಪನವರ ನೆಟ್ಟಗಿನ ಸಾಲು

ಹಾವಗೆಪ್ಪನವರು ಬೀದರಿನಲ್ಲಿ ವರ್ಷಗಟ್ಟಲೆ ಟೈಪಿಂಗ್ ಕಲಿಸಿದವರು. ಟೈಪ್‌ರೈಟರುಗಳು ಮೂಲೆ ಸೇರಿದ ಮೇಲೆ ಹಟ ಹಿಡಿದು ಪ್ರೋಗ್ರಾಮಿಂಗ್ ಕಲಿತರು. ನಮ್ಮ ಮೂವರ ಆಫೀಸಿಗೆ ಅವರೇ ಹಿರಿಯರು. ಕೈ ಮಾತ್ರ ಇನ್ನೂ ಟೈಪಿಸ್ಟನದೇ. ಕೋಡಿನಲ್ಲಿ ಅಂಕಿಯ ಕೆಳಗೆ ಅಂಕಿ ನೆಟ್ಟಗೆ ಕೂರದಿದ್ದರೆ ಅವರಿಗೆ ಊಟ ಸೇರದು. ನಾನು, ಜೆಮಿಮಾ ಬರೆದದ್ದನ್ನೂ ಬಿಡದೆ ತಿದ್ದುವರು.

"ಎಲ್ಲಾರೂ ಒಂದೇ ತರಾ ಬರಿಯೋಣ್ರಿ ಸರ್. ಫಾರ್ಮ್ಯಾಟರ್ ಹಚ್ಚಿದ್ರ ಅದೇ ಸಾಲು ಜೋಡಿಸ್ತದ," ಎಂದು ಜೆಮಿಮಾ ಗೋಗರೆಯುತ್ತಿದ್ದಳು.

"ಮಶೀನಿಗಿ ಚಂದ ಏನ್ ಗೊತ್ತದ?" ಎಂದು ಬಾಯಿ ಮುಚ್ಚಿಸುವರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಮ್ಮ ಆ್ಯಪ್ ಕರೆ ಬಂದ ಊರಿಗೆ ಬೀದರ, ಭಾಲ್ಕಿ, ಔರಾದದ ಆಂಬುಲೆನ್ಸುಗಳಲ್ಲಿ ಹತ್ತಿರದ್ದನ್ನು ಕಳಿಸುತ್ತದೆ. ಆ ಸೋಮವಾರ ಔರಾದ ಗಾಡಿಯ ನರ್ಸ್ ಗುಲಶನ ಫೋನಿನಲ್ಲಿ ಕಿರುಚಿದಳು.

"ಡಾಬಕಾದಾಗ ಹೆರಿಗಿ ಬ್ಯಾನಿ ಅದರಿ. ನಾ ಇಲ್ಲೇ ಬಾಜೂಕ ಇದ್ದೇನಿ. ಭಾಲ್ಕಿ ಗಾಡಿ ಯಾಕ ಕಳಸೀರಿ?"

"ನೀವೇ ಓಡ್ರಿ ಅಕ್ಕಾ!" ಎಂದೆ. ಅವಳು ಮುಟ್ಟುವಷ್ಟರಲ್ಲಿ ಕೂಸು ಅಂಗಳದಲ್ಲೇ ಹುಟ್ಟಿತ್ತು. ತಾಯಿ, ಕೂಸು ಉಳಿದದ್ದು ಪುಣ್ಯ.

ನೋಡಿದರೆ ಕೋಡಿನಲ್ಲಿ ಭಾಲ್ಕಿ, ಔರಾದದಿಂದ ಡಾಬಕಾಕ್ಕಿರುವ ದೂರಗಳು ಅದಲುಬದಲಾಗಿದ್ದವು. ಕೂಡಲೇ ಸರಿಮಾಡಿದೆವು. ಆದರೆ ಇನ್ನೆಷ್ಟು ಊರು ಹೀಗಾಗಿವೆ? ಹಳೆಯ ಕೋಡಿಗೆ ಹೋಲಿಸಿದರೆ ಎಲ್ಲ ಸಾಲೂ ಬದಲಾಗಿವೆ ಎಂದು ಪರದೆ ಕೆಂಪಗೆ ತೋರಿಸಿತು. ಶುಕ್ರವಾರ ಹಾವಗೆಪ್ಪನವರು ಸ್ಪೇಸ್ ಒತ್ತಿ, ಕತ್ತರಿಸಿ, ಅಂಟಿಸಿ ಅಷ್ಟನ್ನೂ ನೆಟ್ಟಗೆ ಮಾಡಿದ್ದರು. ಬೇರೆ ಯಾರೂ ಮುಟ್ಟಿರಲಿಲ್ಲ.

"ಹಳೇದು, ಹೊಸದು ಎರಡೂ ಫಾರ್ಮ್ಯಾಟರಿಗಿ ಹಾಕೋಣ್ರಿ," ಎಂದಳು ಜೆಮಿಮಾ. "ಸ್ಪೇಸೆಲ್ಲಾ ಒಂದೇ ಆಗ್ತಾವ. ಖರೇ ಬದಲಾಗಿದ್ದಷ್ಟೇ ಉಳಿತದ."

ಉಳಿಯುವುದು ತಮ್ಮ ತಪ್ಪೇ ಎಂದು ಹಾವಗೆಪ್ಪನವರಿಗೂ ಗೊತ್ತಿತ್ತು.

ಅಷ್ಟರಲ್ಲಿ ಬೀದರಿಗೆ ಅಂಟಿಕೊಂಡ ಅಷ್ಟೂರದಿಂದ ಕರೆ ಬಂತು. ಮೂವರೂ ಪರದೆಗೆ ಬಾಗಿದೆವು. ಆ್ಯಪ್ ಬೀದರಿನ ಗಾಡಿಯನ್ನೇ ಕಳಿಸಿತು. ಸರಿಯಾಗಿಯೇ ಇತ್ತು, ಆದರೆ ಮುಂದಿನ ಕರೆ ಯಾವ ಊರಿನದೋ!

"ಏಳಪಾ ಅಖೀಲ," ಎಂದು ಹಾವಗೆಪ್ಪನವರು ನನ್ನನ್ನು ಎಬ್ಬಿಸಿ ಕುರ್ಚಿಯಲ್ಲಿ ಕೂತರು. ಫಾರ್ಮ್ಯಾಟರಿನ ಕೀಲಿ ತಾವೇ ಒತ್ತಿದರು. ಪರದೆಯ ಕೆಂಪೆಲ್ಲ ಹೋಗಿ ಒಂದೇ ಸಾಲು ಉಳಿಯಿತು. ಮನ್ನಳ್ಳಿ. ಬೀದರಿನ ಬಗಲಿನ ಊರಿಗೆ ಔರಾದದ ಗಾಡಿ! ಅವರೇ ತಿದ್ದಿದರು. "ನನ್ನ ಕೈ ತಪ್ಪ್ಯಾದ," ಎಂದರು. ನನ್ನ ಸಿಟ್ಟು ಆಗಲೇ ಇಳಿದುಹೋಯಿತು.

ಅಂದಿನಿಂದ ಫಾರ್ಮ್ಯಾಟರ್ ಎಲ್ಲರಿಗೂ ಕಡ್ಡಾಯ, ಅವರದೇ ಆಜ್ಞೆ. ಮರುದಿನ ಅವರು ಬರೆದದ್ದನ್ನು ಅದು ಕಣ್ಣೆದುರೇ ಎಡಕ್ಕೆ ದೂಡಿ ಸಾಲು ಮುರಿಯಿತು. ಅವರ ಬೆರಳು ಸ್ಪೇಸ್ ಕೀಲಿಯವರೆಗೆ ಹೋಗಿ ಹಿಂದೆ ಸರಿಯಿತು.

"ಚಂದ ಇಲ್ಲ ನೋಡ್ರಿ," ಎಂದರು. "ಆದ್ರ ಇನ್ನ ನಾ ತಪ್ಪಿದ್ರ ನಿಮಗ ಕಾಣ್ತದ."