ಮರಳುಗಾಡಿಗೊಂದು ಪೊರಕೆ

ತ್ರಿಪುರಸುಂದರಿ ಮದುವೆಯಾಗಿ ಮೈಸೂರಿನಿಂದ ಅಮೆರಿಕದ ಎಡಿಸನ್ನಿಗೆ ಬಂದ ವರ್ಷವೇ ಒಂದು ವಿಷಯ ಅರ್ಥ ಮಾಡಿಕೊಂಡಳು. ಗಂಡನ ಕ್ಯಾಮೆರಾದೊಳಗೆ ಮನುಷ್ಯರಿಗೆ ಪ್ರವೇಶವಿಲ್ಲ.

ಬದರೀನಾಥ ಬಣ್ಣದ ಕಾರ್ಖಾನೆಯೊಂದರಲ್ಲಿ ಕೆಮಿಸ್ಟ್. ವಾರವೆಲ್ಲ ಬಣ್ಣ ಕಲಸಿ, ಶನಿವಾರ ಬಂತೆಂದರೆ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಹೊರಡುತ್ತಿದ್ದ. ಮರದ ತೊಗಟೆ, ಕಿಟಕಿಗೆ ಅಂಟಿದ ಮಂಜು, ತುಕ್ಕು ಹಿಡಿದ ಬೇಲಿಯ ಮೇಲೆ ಜೇಡರ ಬಲೆ. ನಯಾಗರಾ ನೋಡಲು ಹೋದಾಗ ಅವಳು ರೇಷ್ಮೆ ಸೀರೆ ಉಟ್ಟು ಕಂಬಿ ಹಿಡಿದು ನಗುತ್ತ ನಿಂತಳು. "ಸುಂದರಿ, ಒಂಚೂರು ಆ ಕಡೆ ಹೋಗು, ನೀರಿಗೆ ಅಡ್ಡ ಬರ್ತಿದ್ದೀಯ" ಅಂದ. ಮಗಳದೊಂದು ಫೋಟೋ ಕಳಿಸಿ ಎಂದು ಮಾವ ಬರೆದರೆ, ಹಿಮ ಕೂತ ಮೇಪಲ್ ಎಲೆಯ ಫೋಟೋ ಕಳಿಸಿದ. "ಎಲೆ ಬಹಳ ಚೆನ್ನಾಗಿದೆ. ಮಗಳು ಹೇಗಿದ್ದಾಳೆ?" ಎಂದು ಉತ್ತರ ಬಂತು.

ಹೀಗಿರುವಾಗ, ಎಪ್ಪತ್ತೆರಡನೇ ಇಸವಿಯ ಚಳಿಗಾಲದಲ್ಲಿ, ಅವನು ಹೋಗುತ್ತಿದ್ದ ಕ್ಯಾಮೆರಾ ಕ್ಲಬ್ಬಿನಲ್ಲಿ ಯಾರೋ ಮರಳುಗಾಡಿನ ಸ್ಲೈಡುಗಳನ್ನು ತೋರಿಸಿದರು. ಅವತ್ತೇ ಬದರಿಗೆ ಮರಳಿನ ಮರುಳು ಹಿಡಿಯಿತು. ಊಟಕ್ಕೆ ಕೂತರೆ ಅನ್ನದ ರಾಶಿಯನ್ನು ಚಮಚದಿಂದ ನೇವರಿಸಿ, ಟೇಬಲ್ ಲ್ಯಾಂಪು ತಂದು ಪಕ್ಕದಲ್ಲಿಟ್ಟು, ನೆರಳು ಎಲ್ಲಿ ಬೀಳುತ್ತದೆಂದು ನೋಡುತ್ತಿದ್ದ. ಸಾರು ಆರಿಹೋಗುತ್ತಿತ್ತು.

ಮಾರ್ಚಿನಲ್ಲಿ ರಜ ಹಾಕಿ ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿಗೆ ಹೋಗುವುದೆಂದು ನಿರ್ಧಾರವಾಯಿತು. ಈಶಣ್ಣನೂ ಹೊರಟರು. ಅವರು ಧಾರವಾಡದವರು, ಮ್ಯಾನ್‌ಹಟನ್ನಿನ ಆಸ್ಪತ್ರೆಯೊಂದರಲ್ಲಿ ಡಾಕ್ಟರು, ಒಂಟಿ ಜೀವ, ಭಾರೀ ದೇಹ. ಅವರಿಗೆ ಮರಳಿನ ಮೇಲೆ ಆಸೆಯೇನೂ ಇರಲಿಲ್ಲ. ಪ್ರತಿ ಭಾನುವಾರ ಸುಂದರಿಯ ಕೈಯ ಊಟ ಮಾಡಿ ರೂಢಿಯಾಗಿತ್ತು, ಊಟ ಎಲ್ಲಿಗೆ ಹೋಗುತ್ತದೋ ಅಲ್ಲಿಗೆ ತಾವೂ ಹೊರಟರು, ಅಷ್ಟೆ.

"ಒಂದು ತೊಂದರೆ ಇದೆ" ಅಂದ ಬದರಿ. "ಮರಳಿನ ಮೇಲೆ ಹೆಜ್ಜೆಗುರುತು ಬಿದ್ದರೆ ಫೋಟೋ ಕೆಟ್ಟಹಾಗೆ. ನಿನ್ನ ಪೊರಕೆ ತಗೊಂಡ್ರೆ ಹೇಗೆ?"

ಅದು ಅವಳು ಮೈಸೂರಿನಿಂದ ಸೂಟ್‌ಕೇಸಿನಲ್ಲಿ ತಂದಿದ್ದ ತೆಂಗಿನ ಕಡ್ಡಿಯ ಪೊರಕೆ. ಕಾರ್ಪೆಟ್ಟಿನ ಮನೆಯಲ್ಲಿ ಕೆಲಸವಿಲ್ಲದೆ ಬಾಗಿಲ ಹಿಂದೆ ನಿಂತಿತ್ತು. ಅದನ್ನು ಟವೆಲಿನಲ್ಲಿ ಸುತ್ತಿ, ವಿಮಾನದಲ್ಲಿ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡಳು. ಪಕ್ಕದ ಸೀಟಿನ ಮುದುಕಿ ಅದೇನೆಂದು ಕೇಳಿದಳು.

"ಪೊರಕೆ. ಮರಳುಗಾಡಿಗೆ ಹೋಗ್ತಾ ಇದೀವಿ."

"ಮರಳುಗಾಡು ಗುಡಿಸೋದಕ್ಕಾ?"

"ಎಲ್ಲಾ ಅಲ್ಲ, ಸ್ವಲ್ಪ ಮಾತ್ರ" ಅಂದಳು ಸುಂದರಿ. ಮುದುಕಿ ವಿಮಾನ ಲಾಸ್ ವೇಗಸ್‌ನಲ್ಲಿ ಇಳಿಯುವವರೆಗೆ ಕಿಟಕಿಯ ಕಡೆಗೇ ತಿರುಗಿ ಕೂತಳು.

ಅಲ್ಲಿಂದ ಕಾರಿನಲ್ಲಿ ಹೊರಟು, ಮರುದಿನ ಸೂರ್ಯ ಹುಟ್ಟುವ ಮುಂಚೆಯೇ ಡೆತ್ ವ್ಯಾಲಿಯ ಮರಳಿನ ದಿಬ್ಬಗಳ ಬುಡಕ್ಕೆ ಬಂದರು. ಆ ನೋಟಕ್ಕೆ ಸುಂದರಿ ತಯಾರಾಗಿರಲಿಲ್ಲ. ಯಾರೋ ಬಾಚಣಿಗೆ ಎಳೆದಂತೆ ಮರಳಿನ ತುಂಬ ಸಣ್ಣ ಸಣ್ಣ ಅಲೆಗಳು. ಒಂಟಿ ಹುಲ್ಲಿನ ಎಸಳೊಂದು ಗಾಳಿಗೆ ಬಾಗಿ ಬಾಗಿ ತನ್ನ ಸುತ್ತ ಕಂಪಾಸಿನಲ್ಲಿ ಬರೆದ ಹಾಗೆ ಗೆರೆ ಕೊರೆದಿತ್ತು. ಕಪ್ಪು ಜೀರುಂಡೆಯೊಂದು ಸೀರೆಯ ಅಂಚಿಗೆ ಕಸೂತಿ ಹಾಕುವವಳ ಗಾಂಭೀರ್ಯದಿಂದ ಇಳಿಜಾರಿನಲ್ಲಿ ಸಣ್ಣ ಹೊಲಿಗೆಯಂಥ ಜಾಡು ಬಿಡುತ್ತ ನಡೆದುಹೋಗುತ್ತಿತ್ತು. ಬದರಿ ಟ್ರೈಪಾಡಿನ ಕಾಲು ಬಿಚ್ಚಿದ. ಎದುರಿಗೆ ಒಂದು ದಿಬ್ಬ, ಕತ್ತಿಯ ಅಲಗಿನಂಥ ನೆತ್ತಿ, ಒಂದು ಕಲೆಯಿಲ್ಲ.

ಆ ನೆತ್ತಿಯ ಮೇಲೆ ಈಶಣ್ಣ ಕಾಣಿಸಿಕೊಂಡರು. ಸೂರ್ಯೋದಯ ನೋಡಲು ಹಿಂದಿನಿಂದ ಹತ್ತಿಬಿಟ್ಟಿದ್ದರು.

"ಈಶಣ್ಣ, ಅಲ್ಲೇ ನಿಂತ್ಕೊಳ್ಳಿ. ಒಂದು ಹೆಜ್ಜೆನೂ ಇಡಬೇಡಿ" ಎಂದು ಬದರಿ ಕೂಗಿದ.

"ನಿಂತೇನ್ರಿ. ಆದ್ರ ನಿಂತಲ್ಲೇ ಕೆಳಗ ಹೊಂಟೇನಿ."

ನಿಜಕ್ಕೂ ಹೊರಟಿದ್ದರು. ಮೊಣಕಾಲವರೆಗೆ ಹೂತು, ಸಮತೋಲ ತಪ್ಪಿ, ಕೂತು, ಕೂತಹಾಗೇ ಅರ್ಧ ದಿಬ್ಬ ಜಾರಿ ಬಂದು ಒಂದು ಕಡೆ ಗಟ್ಟಿಯಾಗಿ ನೆಲೆಯೂರಿದರು. ಆಮೇಲೆ ಎದ್ದು, ಪ್ಯಾಂಟು ಕೊಡವಿಕೊಂಡು, ಸಂಭಾವಿತರಂತೆ ಇಳಿದು ಬಂದರು. ಅವರ ಹಿಂದೆ ಎಮ್ಮೆ ಹೊರಳಾಡಿದಂಥ ದಾರಿ.

"ಸುಂದರಿ" ಅಂದ ಬದರಿ, ಅಳುವ ದನಿಯಲ್ಲಿ. "ಪೊರಕೆ."

ಅವಳು ಸೆರಗು ಸಿಕ್ಕಿಸಿ, ದಿಬ್ಬ ಹತ್ತಿ, ಹಿಂದೆ ಹಿಂದೆ ಹೆಜ್ಜೆಯಿಡುತ್ತ ತನ್ನ ಗುರುತನ್ನೂ ಸೇರಿಸಿ ಗುಡಿಸುತ್ತ ಇಳಿದಳು. ಜೀರುಂಡೆಯ ಕಸೂತಿಯನ್ನು ಮಾತ್ರ ಬಿಟ್ಟು ಸುತ್ತಬಳಸಿ ಗುಡಿಸಿದಳು. ಈಶಣ್ಣ ಕೂತಿದ್ದ ಗುಂಡಿ ಎಷ್ಟು ಎಳೆದರೂ ತುಂಬಲಿಲ್ಲ. ಅಷ್ಟರಲ್ಲಿ ಬಿಸಿಲು ಮೂಡಿತು. "ಇರಲಿ ಬಿಡು, ಬಾ ಈಚೆ" ಎಂದು ಬದರಿ ಕ್ಲಿಕ್ಕಿಸತೊಡಗಿದ.

ಏಪ್ರಿಲ್‌ನಲ್ಲಿ ಕ್ಲಬ್ಬಿನ ವಾರ್ಷಿಕ ಸ್ಪರ್ಧೆ ನಡೆಯಿತು, ಚರ್ಚೊಂದರ ಬೇಸ್‌ಮೆಂಟಿನಲ್ಲಿ. ನಿಸರ್ಗ ವಿಭಾಗದ ತೀರ್ಪುಗಾರರು ಒಬ್ಬ ನಿವೃತ್ತ ಭೂಗರ್ಭಶಾಸ್ತ್ರದ ಪ್ರೊಫೆಸರು. ಬದರಿಯ ಸ್ಲೈಡು ಪರದೆಯ ಮೇಲೆ ಬಿದ್ದದ್ದೇ ಅವರು ತೋರುಕೋಲು ಹಿಡಿದು ಕುರ್ಚಿ ಬಿಟ್ಟು ಎದ್ದರು.

"ನೋಡಿ, ಈ ಗೆರೆಗಳನ್ನು ನೋಡಿ. ಬೀಸಣಿಗೆಯಂತೆ ಬಾಗಿವೆ. ನಲವತ್ತು ವರ್ಷದಲ್ಲಿ ಇಂಥದನ್ನು ನಾನು ಕಂಡಿಲ್ಲ." ಕೋಲಿನ ತುದಿ ಕೆಳಗೆ ಸರಿಯಿತು. "ಇನ್ನು ಈ ಗುಂಡಿ. ಎರಡು ಬದಿ ಉಬ್ಬು, ನಡುವೆ ಏಣು. ಎರಡು ದಿಕ್ಕಿನ ಸುಳಿಗಾಳಿ ಒಂದೇ ಕಡೆ ಸೇರಿದಾಗ ಮಾತ್ರ ಹೀಗಾಗೋದು."

ಸುಂದರಿಯ ಪಕ್ಕ ಕೂತಿದ್ದ ಈಶಣ್ಣ ಕುರ್ಚಿಯಲ್ಲಿ ಮಿಸುಕಿದರು.

"ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು, ಮಿಸ್ಟರ್ ನಾಥ್?"

ಬದರಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ, ನಿಜ ಹೇಳಲು ಧೈರ್ಯವಿಲ್ಲ. "ಮೇಲಿಂದ ಕೆಳಕ್ಕೆ" ಅಂದ.

"ಜೋರಾಗಿತ್ತೇ?"

"ಸ್ವಲ್ಪ ಕೋಪದಲ್ಲಿತ್ತು."

ಪ್ರೊಫೆಸರು ಪೆನ್ನು ತೆಗೆದು ಬರೆದುಕೊಳ್ಳಲು ಹೊರಟರು. ಪಾಪ, ಆ ವಯಸ್ಸಾದವರು ಅದನ್ನೆಲ್ಲ ನಂಬಿ ಬರೆದುಕೊಳ್ಳುವುದು ಸುಂದರಿಗೆ ಸರಿಬೀಳಲಿಲ್ಲ. ಎದ್ದು ನಿಂತಳು. "ಎಕ್ಸ್‌ಕ್ಯೂಸ್ ಮಿ ಸರ್. ಆ ಗಾಳಿ ನಾನೇ" ಅಂದಳು. "ಪೊರಕೆಯಲ್ಲಿ ಗುಡಿಸಿದೆ."

ಪ್ರೊಫೆಸರು ಪೆನ್ನಿಗೆ ಮುಚ್ಚಳ ಹಾಕಿದರು.

"ಹಾಗಾದರೆ ಗುಂಡಿ?" ಎಂದು ಪ್ರೊಫೆಸರು ಸಣ್ಣ ದನಿಯಲ್ಲಿ ಕೇಳಿದರು. ಈಶಣ್ಣ ಮೆಲ್ಲಗೆ ಕೈ ಎತ್ತಿದರು. ಪ್ರೊಫೆಸರು ಒಮ್ಮೆ ಅವರನ್ನು, ಒಮ್ಮೆ ಪರದೆಯನ್ನು ನೋಡಿದರು. ಆಮೇಲೆ ಅವರ ಹೆಗಲು ಅಲುಗತೊಡಗಿತು. ನಗು ತಡೆಯಲಾರದೆ ಕೋಲು ಕೈಬಿಟ್ಟು ಕೂತುಬಿಟ್ಟರು.

ಕ್ಲಬ್ಬಿನ ಕಾರ್ಯದರ್ಶಿನಿಗೆ ಮಾತ್ರ ನಗು ಬರಲಿಲ್ಲ. ನಿಸರ್ಗ ವಿಭಾಗದಲ್ಲಿ ಮನುಷ್ಯನ ಕೈಗುರುತು ಕಾಣಕೂಡದೆಂದು ನಿಯಮವಿದೆ ಅಂದಳು.

"ಅದು ಕೈ ಗುರುತಲ್ಲ" ಅಂದರು ಈಶಣ್ಣ.

ಕೊನೆಗೆ ಪ್ರೊಫೆಸರೇ ಒಂದು ದಾರಿ ಹುಡುಕಿದರು. ಸ್ಲೈಡನ್ನು ನಿಸರ್ಗದಿಂದ ತೆಗೆದು 'ಜನಜೀವನ' ವಿಭಾಗಕ್ಕೆ ಹಾಕಿದರು. ಅಲ್ಲಿ ಅದಕ್ಕೆ ಎರಡನೇ ಬಹುಮಾನ ಬಂತು. ಮೊದಲನೆಯದು, ಮುಖಕ್ಕೆಲ್ಲ ಸ್ಪಗೆಟಿ ಮೆತ್ತಿಕೊಂಡ ಮಗುವಿಗೆ.

ವಾಪಸು ಬರುವಾಗ ರೂಟ್ ಒನ್ ಹೆದ್ದಾರಿಯಲ್ಲಿ ಬದರಿ ಹುಬ್ಬು ಗಂಟಿಕ್ಕಿ ಕಾರು ಓಡಿಸುತ್ತಿದ್ದ. ಸುಂದರಿಗೆ ಒಳಗೊಳಗೇ ಪೀಕಲಾಟ.

"ರೀ, ಬೇಜಾರಾಯ್ತಾ?"

"ಆ ಮಗು ಔಟ್ ಆಫ್ ಫೋಕಸ್ ಇತ್ತು ಕಣೆ" ಅಂದ ಬದರಿ. "ಎಡಗಿವಿ ಪೂರ್ತಿ ಮಸುಕು. ಯಾರೂ ನೋಡಲೇ ಇಲ್ಲ."

"ಹೋಗ್ಲಿ ಬಿಡ್ರಿ" ಎಂದರು ಹಿಂದಿನ ಸೀಟಿನಿಂದ ಈಶಣ್ಣ. "ಅಕ್ಕಾರ, ಮನ್ಯಾಗ ಹುಳಿ ಉಳದೈತೇನ್ರಿ?"

ಉಳಿದಿದೆ, ಅನ್ನ ಮಾತ್ರ ಮಾಡಬೇಕು ಎಂದಳು ಸುಂದರಿ.